ಕುಬಸದ ಸೀರಿಯೊಳಗಿನ ಕೆಮ್ಮು

ಬನಹಟ್ಟಿ
೧೫ ಆಗಸ್ಟ್ ೧೯೩೭

ಮಗಳು ಅನಸವ್ವಗ ಅಪ್ಪ ಗೂಳಪ್ಪನ ಆಶೀರ್ವಾದ.

ಮುಧೋಳಕ್ಕ ಸುಖರೂಪ ಮುಟ್ಟಿದ್ಯೋ ಇಲ್ಲೋ, ಒಂದ ಅಕ್ಷರ ಇಲ್ಲ. ನಿಮ್ಮವ್ವ ಭಾಗವ್ವ ದಿನಾ ಬಾಗಲದಾಗ ನಿಂತ ಟಪಾಲಿನವನ ದಾರಿ ಕಾಯತಾಳ. ನಾ ಕಾಯೂದಿಲ್ಲ. ನನಗ ಸಿಟ್ಟ ಬಂದೈತಿ, ಅದಕ ಬರ್ಯಾಕತ್ತೇನಿ.

ಅಲ್ಲವ್ವಾ, ಪಂಚಮಿಗಿ ಬಂದಾಕಿ ಎರಡನೇ ದಿನಾನ ಗಂಟ ಕಟ್ಟಿಕೊಂಡ ಹೊಂಟ ಹೋಗೋದಂದ್ರ ಏನು? ಲಗ್ನಾಗಿ ಮೊದಲನೇ ಪಂಚಮಿ. ಹೊಸಾ ಹಗ್ಗ ತಂದು ಬೇವಿನ ಗಿಡಕ್ಕ ಜೋಕಾಲಿ ಕಟ್ಟಿದ್ದೆ, ನೀ ಅದರ ಮ್ಯಾಲ ಒಂದ ಸಲ ಕುಂಡ್ರಲಿಲ್ಲ. ಅವ್ವ ಮಾಡಿದ ಶೇಂಗಾದ ಉಂಡಿ ಡಬ್ಬ್ಯಾಗ ಹಂಗ ಅದಾವು. ಓಣ್ಯಾಗಿನ ಮಂದಿ ಕೇಳಾಕತ್ತಾರ, "ಗೂಳಪ್ಪಾ, ಮಗಳ ಕೂಡ ಜಗಳಾ ಆಡಿದೇನು?" ಅಂತ. ನಾ ಏನ ಹೇಳ್ಲಿ? ನನ್ನ ಬೀಡಿ ವಾಸನಿಗೆ ವಾಂತಿ ಮಾಡಕೊಂಡು ಓಡಿ ಹೋದ್ಲು ಅಂತ ಹೇಳ್ಲೇನು?

ನೀ ಹುಟ್ಟೂಕಿಂತ ಮೊದಲಿಂದ ನಾ ಬೀಡಿ ಸೇದತೇನಿ. ಸಣ್ಣಾಕಿ ಇದ್ದಾಗ ಮಗ್ಗದ ಮುಂದ ಕಾಲ ಇಳಿಬಿಡೂ ಕುಣಿ ದಂಡಿಗೆ ಕುಂತ ನೂಲ ಸುತ್ತಿ ಕೊಡತಿದ್ದಿ, ಆವಾಗ ಬರಲಾರದ ವಾಂತಿ ಈಗ ಎಲ್ಲಿಂದ ಬಂತು? ಮುಧೋಳದ ನೀರ ಕುಡದು ಮೂಗ ದೊಡ್ಡದಾತೇನು? ಬಸರ ಹೆಂಗಸಿಗೆ ವಾಸನಿ ತಡಿಯೂದಿಲ್ಲ, ಬೈಬ್ಯಾಡ್ರಿ ಅಂತ ನಿಮ್ಮವ್ವ ಹೇಳತಾಳ. ಆತು, ಬೈಯೂದಿಲ್ಲ.

ಬಾಣಂತನಕ್ಕ ಬರೂ ಹೊತ್ತಿಗೆ ಎಲ್ಲಾ ಸರಿ ಆಗತೈತಿ. ಚೊಚ್ಚಲ ಹೆರಿಗಿ ತವರಮನ್ಯಾಗ ಆಗಬೇಕು, ಅದರಾಗ ಮಾತ ಇಲ್ಲ. ನಿನ್ನ ತೂಗಿದ ತೊಟ್ಟಲಾನ ಅಟ್ಟದಿಂದ ಇಳಿಸೇನಿ, ಎಣ್ಣಿ ಹಚ್ಚಿ ಇಟ್ಟೇನಿ.

ನಿಮ್ಮಪ್ಪ
ಗೂಳಪ್ಪ

ಈ ಕಾಗದಕ್ಕ ಬಿದ್ದ ತೂತು ಬೀಡಿ ಕಿಡೀದಲ್ಲ. ಇಲಿ ಕಡದೈತಿ.


ಮುಧೋಳ
೨೪ ಆಗಸ್ಟ್ ೧೯೩೭

ಅಪ್ಪಾ, ಅನಸವ್ವನ ನಮಸ್ಕಾರ. ಅವ್ವಗೂ.

ಇಲಿ ಕಡದ್ರ ತೂತಿನ ಅಂಚ ಕರ್ರಗ ಆಗೂದಿಲ್ಲ. ನಿನ್ನ ಕಾಗದಾ ಒಡದ ಕೂಡ್ಲೆ ವಾಸನಿ ಎಷ್ಟ ಬಂತಂದ್ರ ಕಿಡಕ್ಯಾಗ ಗಾಳಿಗೆ ಹಾಕಿ, ಮಧ್ಯಾಹ್ನ ಮ್ಯಾಲ ಓದಿದೆ. ನಗಬ್ಯಾಡ.

ನಾ ವಾಂತಿಗೆ ಅಂಜಿ ಬಂದಿಲ್ಲ. ನಿನ್ನ ನೋಡಿ ಅಂಜಿ ಬಂದೇನಿ. ಪಂಚಮಿ ದಿನಾ ಮುಂಜಾನೆ ನೀ ಕೆಮ್ಮಾಕ ಸುರು ಮಾಡಿದವ ನಿಂದ್ರಲೇ ಇಲ್ಲ. ಕಣ್ಣ ಕೆಂಪಗ, ತುಟಿ ನೀಲಿ. ಬಾವಿಯಿಂದ ಒಂದ ಕೊಡಾ ನೀರ ತರೂದ್ರಾಗ ಎಲ್ಲೆಲ್ಲಿ ಗ್ವಾಡಿ ಸಿಗತೈತೋ ಅಲ್ಲೆಲ್ಲಾ ಕೈ ಊರಿ ನಿಂತಿ. ಮೊದಲ ನೀ ಹಿಂಗ ಇರಲಿಲ್ಲಪಾ. ಭಜನ್ಯಾಗ ಎತ್ತರದ ಸೊಲ್ಲ ಎಲ್ಲಾರೂ ನಿನಗ ಬಿಡತಿದ್ರು. ಈ ಸಲ ನೀ ಬರೇ ತಾಳ ಬಾರಿಸಿದಿ.

ನೀ ನೇದ ಸೀರಿ ನಮ್ಮನಿಯವ್ರ ಸೀರಿ ಅಂಗಡಿಗೆ ಬಂದ್ರ ಇದು ನಮ್ಮಪ್ಪಂದು ಅಂತ ಯಾರೂ ನನಗ ಹೇಳೂದ ಬ್ಯಾಡ. ಕೈಯಾಡಿಸಿದ್ರ ಗೊತ್ತಾಗತೈತಿ. ನೂಲ ಒತ್ತಿ ಕೂಡಸೂ ಹಣಿಗಿ ಬಡಿಯೂವಾಗ ಕೆಮ್ಮ ಬಂದ್ರ ಪೆಟ್ಟ ಹಗರ ಬೀಳತೈತಿ, ಅಲ್ಲಿ ಒಂದ ಜಾಳ ಗೆರಿ ಆಗತೈತಿ. ಕಿಡಿ ಬಿದ್ದೀತಂತ ನೀ ಮಗ್ಗದ ಮ್ಯಾಲ ಬೀಡಿ ಹಚ್ಚೂದಿಲ್ಲ, ಎದ್ದ ಬಾಗಲಕ್ಕ ಹೋಗತಿ. ತಿರಗಿ ಬಂದು ಕುಂತಾಗ ಮೊದಲನೇ ಪೆಟ್ಟ ಜೋರ ಬೀಳತೈತಿ, ಅಲ್ಲಿ ದಪ್ಪ ಗೆರಿ. ಜಾಳ ಗೆರಿ ಕೆಮ್ಮಿಂದು, ದಪ್ಪ ಗೆರಿ ಬೀಡಿದು. ನೀನ ನನಗ ಕಲಿಸಿದ್ದು. ಈ ವರ್ಷ ನಿನ್ನ ಸೀರಿ ತುಂಬ ಅವೆರಡ ಅದಾವು.

ಅದಕ ಈಗ ಹೇಳತೇನಿ, ಸಿಟ್ಟಾಗು, ಏನರ ಆಗು. ನೀ ಬೀಡಿ ಬಿಡೂ ಮಟ ನಾ ಬಾಣಂತನಕ್ಕ ಬರೂದಿಲ್ಲ. ಬನಹಟ್ಟಿದು ಒಂದ ಖೋಲಿ ಮನಿ. ಮಗ್ಗದ ಬಾಜೂಕ ತೊಟ್ಟಲಾ ಕಟ್ಟಬೇಕು. ಹಸಗೂಸಿನ ಎದ್ಯಾಗ ಆ ಹೊಗಿ ಹೋಗೂದು ನಾ ನೋಡಲಾರೆ. ನೀ ಕೆಮ್ಮಿ ಕೆಮ್ಮಿ ಒಂದಿನಾ ಕುಣಿಯಾಗ ಬೀಳೂದೂ ನೋಡಲಾರೆ. ಇಲ್ಲೇ ಅತ್ತಿ ಕೈಯಾಗ ಹಡೀತೇನಿ. ಊರ ನಕ್ಕರ ನಗಲಿ.

ನಿನ್ನ ಮಗಳು
ಅನಸವ್ವ


ಬನಹಟ್ಟಿ
೨೦ ಸಪ್ಟೆಂಬರ್ ೧೯೩೭

ಅನಸವ್ವಾ,

ನಿನ್ನ ಕಾಗದ ಬಂದು ತಿಂಗಳಾಗಾಕ ಬಂತು. ಉತ್ತರಾ ಬರಿಯಾಕ ಕುಂತಾಗೊಮ್ಮೆ ಸಿಟ್ಟ ಬಂದು ಎದ್ದ ಹೋಗೇನಿ. ಬಾಣಂತನಕ್ಕ ಬರೂದಿಲ್ಲ ಅನ್ನಾಕ ನೀ ಯಾರ ಬೇ? ಅಪ್ಪಗ ಕಟ್ಟಳಿ ಹಾಕತೀಯೇನು? ನಿಮ್ಮವ್ವ ಇಷ್ಟ ವರ್ಷ ಬಾಳೆ ಮಾಡ್ಯಾಳ, ಆಕಿ ಒಂದಿನಾ ಇಂಥಾ ಮಾತ ಅಂದಿಲ್ಲ. ಅಂದ್ಲು, ಖರೆ, ಆದ್ರ ಊರಿಗೆ ಕೇಳೂಹಂಗ ಅನ್ನಲಿಲ್ಲ.

ಕೇಳು. ಬೀಡಿಯಿಂದ ಕೆಮ್ಮಲ್ಲ, ಕೆಮ್ಮಿಗೆ ಬೀಡಿ. ಮುಂಜಾನೆ ಎದ್ದಾಗ ಕೆಮ್ಮ ಬರತೈತಿ, ಒಂದ ಬೀಡಿ ಸೇದಿದ್ರ ತಣ್ಣಗ ಆಗತೈತಿ. ಬಾಜೂ ಮನಿ ಹಾಲಸಿದ್ದಪ್ಪನೂ ಹಂಗ ಅಂತಾನ. ನೂಲಿನ ಧೂಳ ಎದ್ಯಾಗ ಕುಂತಿರತೈತಿ, ಅದನ್ನ ಕರಗಸಾಕ ಹೊಗಿ ಬೇಕು. ನೇಕಾರನ ಹೊಟ್ಟ್ಯಾಗ ಹುಟ್ಟಿ ಇಷ್ಟೂ ತಿಳಿಯೂದಿಲ್ಲೇನು ನಿನಗ?

ಆದರೂ ನಿನ್ನ ಮಾತಿಗೆ ಬೆಲಿ ಕೊಟ್ಟು ಅರ್ಧಾ ಕಡಿಮಿ ಮಾಡೇನಿ. ಇನ್ನ ಸುಮ್ಮನಾಗು. ಕಾಲಾಗ ಬಾವ ಬಂದೈತೇನು? ನಿಮ್ಮವ್ವ ಕೇಳ್ಯಾಳ.

ಗೂಳಪ್ಪ


ಮುಧೋಳ
೮ ಅಕ್ಟೋಬರ್ ೧೯೩೭

ಅಪ್ಪಾ,

ಬಾವ ಬಂದಿಲ್ಲ ಅಂತ ಅವ್ವಗ ಹೇಳು.

ಅರ್ಧಾ ಕಡಿಮಿ ಮಾಡಿದವನ ಸೀರಿ ನಿನ್ನೆ ಅಂಗಡಿಗೆ ಬಂತು. ನಮ್ಮನಿಯವ್ರು ಗಂಟ ಬಿಚ್ಚೂದ್ರೊಳಗ ನಾ ಮ್ಯಾಲಿಂದು ಎತ್ತಿಕೊಂಡೆ. ಅಪ್ಪಾ, ಮೊಳಕ್ಕೊಂದ ದಪ್ಪ ಗೆರಿ! ಇದು ಅರ್ಧಾ ಆದ್ರ ಮೊದಲಿಂದ ಎಷ್ಟಿತ್ತು? ನಮ್ಮನಿಯವ್ರು ನಕ್ಕರು. ನನಗ ನಗಿ ಬರಲಿಲ್ಲ. ಸುಳ್ಳ ಹೇಳಾಕ ನಿನಗ ಬರೂದಿಲ್ಲ, ಅಂಥಾವ ಬೀಡಿ ಸಲವಾಗಿ ನನಗ ಸುಳ್ಳ ಹೇಳಿದಿ. ಅದನ್ನ ನೆನಸಿ ಅಳು ಬಂತು.

ಇನ್ನ ಮಾತ ಬ್ಯಾಡ. ಮಾರ್ಗಶಿರದಾಗ, ಏಳನೇ ತಿಂಗಳದಾಗ, ನನ್ನ ಕುಬಸ ಐತಿ. ಹಸರ ಸೀರಿ ತವರಿಂದ ಬರಬೇಕು. ಅದನ್ನ ನೀನ ನೇಯಿ, ಬ್ಯಾರೇದವರ ಕೈಗೆ ಕೊಡಬ್ಯಾಡ. ಮೊದಲ ಇಲ್ಲಿಗೆ ಕಳಸು. ಕಣ್ಣ ಮುಚ್ಚಿ ಸೆರಗಿನಿಂದ ಸೆರಗಿಗೆ ಕೈಯಾಡಸತೇನಿ. ನಿನ್ನ ಕೆಮ್ಮ ನನ್ನ ಕೈಗೆ ಸಿಗಲಿಲ್ಲಂದ್ರ ಅದನ್ನ ಉಟಗೊಂಡು ನಿನ್ನ ಗಾಡಿ ಹತ್ತತೇನಿ. ಸಿಕ್ಕರ ಹತ್ತೂದಿಲ್ಲ.

ಅನಸವ್ವ


ಬನಹಟ್ಟಿ
೭ ನವೆಂಬರ್ ೧೯೩೭

ಅನಸವ್ವಾ,

ಬಿಟ್ಟೆ. ಓದಿದ್ಯಾ? ಬಿಟ್ಟೆ. ದೀಪಾವಳಿ ಪಾಡ್ಯದ ದಿನಾ ಮುಂಜಾನೆ ಬಿಟ್ಟೆ.

ಪುಣ್ಯಾ ಬರಲಿ ಅಂತ ಬಿಟ್ಟಿಲ್ಲ, ಸಿಟ್ಟಿಗೆದ್ದ ಬಿಟ್ಟೇನಿ. ಹಾಲಸಿದ್ದಪ್ಪನ ಮಗಳು ಹಬ್ಬಕ್ಕ ಬಂದಾಳ, ಆಕೀಗೂ ಆರನೇ ತಿಂಗಳ. ಅಂವ ಬಾಗಲದಾಗ ನಿಂತು, "ನಮ್ಮ ಹುಡುಗಿ ಹಡದ ಮ್ಯಾಲ ಹೋಗತಾಳ, ನಿಮ್ಮಾಕಿ ಯಾವಾಗ ಬರತಾಳೋ?" ಅಂದ. ನಾ ಆಗಷ್ಟ ಬೀಡಿ ಹಚ್ಚಿದ್ದೆ. ಎಲ್ಲಿಂದ ಬಂತೋ ಸಿಟ್ಟು, ಕೈಯಾಗಿನ ಬೀಡಿ, ಕಿಸೇದಾಗಿನ ಕಟ್ಟು, ಕಡ್ಡಿಪೆಟ್ಟಿಗಿ, ಎಲ್ಲಾ ಕೂಡಿಸಿ ಬೀಸಿ ಒಗದೆ. ಹೋಗಿ ಎಲ್ಲಿ ಬಿದ್ದೀತು? ನಿಮ್ಮವ್ವ ನೂಲಿಗೆ ಹಚ್ಚಾಕ ಕುದಿಸಿ ಆರಾಕ ಇಟ್ಟ ಗಂಜಿ ಗಡಿಗ್ಯಾಗ! ಆಕಿ ನೋಡಲಾರದ ಅದನ್ನ ನೂಲಿಗೆ ಹಚ್ಚಿದ್ಲು. ಈಗ ಮಗ್ಗದ ಮ್ಯಾಲಿನ ಉದ್ದನೂಲಿನ ಹಾಸ ಪೂರಾ ತಂಬಾಕ ನಾರತೈತಿ. ನಾ ಬೀಡಿ ಬಿಟ್ಟೇನಿ, ನನ್ನ ಮಗ್ಗ ಸೇದಾಕತ್ತೈತಿ. ನಿಮ್ಮವ್ವನ ಬೈಗಳಾ ಬರಿಯಾಕ ಕಾಗದಾ ಸಾಲೂದಿಲ್ಲ.

ಯವ್ವಾ, ಇದೇನ ಹಗರ ಕೆಲಸಾ ಅಂತ ತಿಳಕೊಬ್ಯಾಡ. ನನ್ನ ಕೈ ಎಲ್ಲಿ ಇಡಬೇಕೋ ನನಗ ತಿಳೀವಲ್ದು. ಕುಣಿಯಾಗ ಇಳೀತೇನಿ, ಲಾಳಿ ಒಗೀತೇನಿ, ಎದ್ದ ನಿಂದ್ರತೇನಿ. ಯಾಕ ಎದ್ದೆ ಅಂತ ಮರತ ಮತ್ತ ಕುಂಡ್ರತೇನಿ. ಬಾಗಲಕ್ಕ ಹೋಗೂದ ಬ್ಯಾಡ ಅಂತ ನಿಮ್ಮವ್ವನ ಹಳೇ ಸೀರಿ ಹರದು ಸೊಂಟಕ್ಕ ಸುತ್ತಿ ಮಗ್ಗದ ಗೂಟಕ್ಕ ಕಟಗೊಂಡೇನಿ. ನೋಡಿದವರು ನಗತಾರ. ಬಾಯಾಗ ಬಡೇಸೋಪು, ಲವಂಗ, ಬೆಲ್ಲಾ, ಏನ ಸಿಕ್ಕರೂ ಹಾಕ್ಕೋತೇನಿ. ಸಣ್ಣ ಮಾತಿಗೆ ಸಿಡೀತೇನಿ. ನಿನ್ನೆ ಓಣ್ಯಾಗ ಹೊಂಟ ಎಮ್ಮಿಗೆ ಬೈದೆ, ಪಾಪ ಅದು ಏನೂ ಮಾಡಿರಲಿಲ್ಲ. ಕಾಡಸಿದ್ದೇಶ್ವರನ ಗುಡಿ ಮಟ ಹೋಗತೇನಿ, ತಿರಗಿ ಬರತೇನಿ, ಮತ್ತ ಹೋಗತೇನಿ. ಪೂಜಾರಿ ಕೇಳಿದ, "ಏನ ಗೂಳಪ್ಪಾ, ಹರಕಿ ಹೊತ್ತೀಯೇನು?" ಹೌದಪಾ ಅಂದೆ.

ಈ ಕಾಗದಕ್ಕ ತೂತ ಇಲ್ಲ, ನೋಡಕೋ.

ನಿಮ್ಮಪ್ಪ
ಗೂಳಪ್ಪ


ಮುಧೋಳ
೧೪ ನವೆಂಬರ್ ೧೯೩೭

ಅಪ್ಪಾ,

ಕಾಗದಾ ಓದಿ ನಗು ತಡೀಲಿಲ್ಲ. ಅತ್ತಿ ಮಾಯವ್ವನೂ ನಕ್ಕರು. ಆಮ್ಯಾಲ ಒಬ್ಬಾಕಿನ ಕುಂತಾಗ ಸಂಶೇ ಬಂತು. ಸಪ್ಟೆಂಬರದಾಗೂ ಹಿಂಗ ಬಣ್ಣದ ಮಾತ ಬರದಿದ್ದಿ. ನಂಬಬೇಕಂತ ಭಾಳ ಆಶಾ ಐತಪಾ, ಅಂಜಿಕಿ ಆಗತೈತಿ. ಸೀರಿ ಕಳಸು. ಕೂಸು ಈಗ ಒದ್ಯಾಕತ್ತೈತಿ. ಒಂದ ಗಳಿಗಿ ಸುಮ್ಮ ಇರೂದಿಲ್ಲ, ನಿನ್ನಂಗ.

ಅನಸವ್ವ


ಬನಹಟ್ಟಿ
೨೬ ನವೆಂಬರ್ ೧೯೩೭

ಮಗಳ,

ಸೀರಿ ಮುಧೋಳ ಸಂತಿಗೆ ಬರೂ ಹಣಮಪ್ಪನ ಕೈಯಾಗ ಕೊಟ್ಟ ಕಳಸೇನಿ. ಹಸರ ಮೈ, ಕೆಂಪ ಸೆರಗು. ಹಾಸ ಬ್ಯಾರೇ ಹಾಸಿ ಹೊಸಾ ಗಂಜಿ ಹಚ್ಚೇನಿ, ತಂಬಾಕ ನಾರೂದಿಲ್ಲ.

ಒಂದಿಷ್ಟ ಸುದ್ದಿ ಹೇಳತೇನಿ. ಮೊನ್ನೆ ಬದನೀಕಾಯಿ ಪಲ್ಯಾ ಬಾಯಾಗ ಇಟ್ಟೆ, ನಾಲಿಗಿ ಸುಟ್ಟಂಗಾತು. "ಇಷ್ಟ ಖಾರಾ ಯಾಕ ಹಾಕಿದಿ?" ಅಂತ ಗಂಗಾಳಾ ಸರಿಸಿದೆ. ನಿಮ್ಮವ್ವ ನಕ್ಕೊಂತ ಅಂದ್ಲು, "ಖಾರಾ ಅಷ್ಟ ಐತ್ರಿ, ನಿಮ್ಮ ನಾಲಿಗಿ ತಿರಗಿ ಬಂದೈತಿ." ಖರೆ ಬೇ. ಒಲೀ ಮ್ಯಾಲಿನ ರೊಟ್ಟಿ ವಾಸನಿ ಕುಣಿಯಾಗ ಕುಂತ ನನಗ ಬರತೈತಿ. ಕೊಡಾ ಹೊತ್ತಾಗ ಗ್ವಾಡಿ ಹುಡುಕೂದ ಕಡಿಮಿ ಆಗೈತಿ. ನಿಮ್ಮವ್ವನ ಕಣ್ಣಾಗ ನೀರ ಸುರಿಯೂದು ನಿಂತೈತಿ, ಅದು ಒಲೀ ಹೊಗಿದು ಅಂತ ತಿಳದಿದ್ವಿ.

ಕೆಮ್ಮ ಮಾತ್ರ ಹೆಚ್ಚಾಗೈತಿ. ಯಾಕಂತ ತಿಳೀವಲ್ದು. ಮೊದಲ ಮುಂಜಾನೆ ಅಷ್ಟ ಬರತಿತ್ತು, ಈಗ ಹೊತ್ತ ಹೊತ್ತಿಗೆ ಬರತೈತಿ. ಹಣಿಗಿ ಮ್ಯಾಲ ಕೈ ಇಟ್ಟಾಗ ಬರತೈತಿ. ಸೀರ್ಯಾಗ ಜಾಳ ಗೆರಿ ಅದಾವು, ನಿನ್ನ ಕೈಗೆ ಸಿಗತಾವು. ಬಿಚ್ಚಿ ನೇದು ಮುಚ್ಚಬಹುದಿತ್ತು, ಮುಚ್ಚಿಲ್ಲ. ಒಂದ ಸಲ ನಿನಗ ಸುಳ್ಳ ಹೇಳಿ ಸಾಕಾಗೈತಿ. ಕೆಮ್ಮ ಐತಿ, ಬೀಡಿ ಇಲ್ಲ. ನಂಬು.

ನಿಮ್ಮಪ್ಪ
ಗೂಳಪ್ಪ


ಮುಧೋಳ
೧ ಡಿಸೆಂಬರ್ ೧೯೩೭

ಅಪ್ಪಾ,

ಸೀರಿ ಹಣಮಪ್ಪನ ಕೈಯಾಗ ತಿರಗಿ ಕಳಸೇನಿ.

ಮೊದಲನೇ ಮೊಳದಾಗ ಜಾಳ. ಎರಡನೇದರಾಗೂ ಜಾಳ. ಸೆರಗಿನ್ಯಾಗ ಅಂತೂ ಎಣಸಾಕ ಮನಸಾಗಲಿಲ್ಲ. ನಿನ್ನ ಇಷ್ಟ ವರ್ಷದ ಬಟ್ಟ್ಯಾಗ ಇಷ್ಟ ಕೆಮ್ಮ ನಾ ಎಂದೂ ಕಂಡಿಲ್ಲ. ಬೀಡಿ ಬಿಟ್ಟವನ ಕೆಮ್ಮ ಕಡಿಮಿ ಆಗಬೇಕೋ, ಹೆಚ್ಚಾಗಬೇಕೋ? ನನ್ನನ್ನ ಅಷ್ಟ ಹುಚ್ಚಿ ಅಂತ ತಿಳದ್ಯಾ? ಸೊಂಟಕ್ಕ ಕಟಗೊಂಡದ್ದು, ಎಮ್ಮಿಗೆ ಬೈದದ್ದು, ಎಲ್ಲಾ ಕಥಿ ಕಟ್ಟಿ ಬರದಿ. ಓದಿ ನಕ್ಕೆನಲ್ಲ, ಅದಕ ನಾಚಿಕಿ ಬರತೈತಿ.

ತವರಿನ ಕುಬಸದ ಸೀರಿ ತಿರಗಿ ಕಳಸೂದು ಎಲ್ಲ್ಯಾದರೂ ಐತೇನ ಅಂತ ಅತ್ತಿ ಕೈ ಹಿಡದ್ರು. ಕೇಳಲಿಲ್ಲ ನಾ. ಬಾಣಂತನ ಇಲ್ಲೇ ಆಗಲಿ. ತೊಟ್ಟಲಾ ಅಟ್ಟಕ್ಕ ಏರಸು.

ಅನಸವ್ವ


ಬನಹಟ್ಟಿ
೮ ಡಿಸೆಂಬರ್ ೧೯೩೭

ಮಗಳು ಅನಸವ್ವಗ ತಾಯಿ ಭಾಗವ್ವನ ಆಶೀರ್ವಾದ. ನನಗ ಅಕ್ಷರಾ ಬರೂದಿಲ್ಲ, ಹಾಲಸಿದ್ದಪ್ಪಣ್ಣ ಬರದ ಕೊಡಾಕತ್ತಾನ. ನಾ ಹೇಳಿದ್ದಷ್ಟ ಬರಿ ಅಂತ ಹೇಳೇನಿ.

ಏನ ಮಾಡಿದಿ ಮಗಳ? ಸೀರಿ ಗಂಟ ನೋಡಿ ನಿಮ್ಮಪ್ಪ ಸಿಟ್ಟಾಗಲಿಲ್ಲ. ಸಿಟ್ಟ ಮಾಡಿದ್ರ ನನಗ ಧೈರ್ಯ ಇರತಿತ್ತು, ಸಿಟ್ಟ ಅವರ ಸ್ವಭಾವ. ಹೋಗಿ ಕುಣಿ ದಂಡಿಗೆ ಕುಂತ್ರು. ಸೊಂಟಕ್ಕ ಕಟ್ಟಿದ್ದ ಅರವಿ ಬಿಚ್ಚಿದ್ರು. ಅಂದಿನಿಂದ ಮಗ್ಗ ನಿಂತೈತಿ.

ನೀ ಅವರಿಗೆ ಸುಳ್ಳಾ ಅಂದಿ. ಈ ಮನ್ಯಾಗ ಪಾಡ್ಯದ ಮ್ಯಾಲ ಬೀಡಿ ಉರದಿಲ್ಲ. ನಾ ಕೂಡ ಇರಾಕಿ, ನನಗ ಗೊತ್ತಿಲ್ಲೇನು? ಬಿಟ್ಟ ಮ್ಯಾಲ ಕೆಮ್ಮ ಹೆಚ್ಚಾತು. ಕಫಾ ಕರ್ರಗ, ಬೆಲ್ಲದ ಪಾಕ ಹಿಡದಂಗ ಬರತೈತಿ. ನನಗ ಎದಿ ಒಡದಂಗಾತು, ಯಾವ ದೊಡ್ಡ ಜಡ್ಡ ಬಂತೋ ಅಂತ. ಓಣ್ಯಾಗಿನ ಮಂದಿ ಎಲ್ಲಾ, ಬೀಡಿ ಬಿಟ್ಟದ್ದಕ್ಕ ಹಿಂಗಾತು, ಔಷಧ ಅಂತ ಒಂದೆರಡ ಸೇದು ಅಂತಾರ. ಅವರು ಕೇಳಲಿಲ್ಲ. "ನನ್ನ ಮಗಳು ಕೈಯಾಡಸತಾಳ" ಅಂತ ಒಂದ ಮಾತ. ಕೆಮ್ಮಕೋತ ನೇದ್ರು.

ಇಲ್ಲಿಂದ ನಾ ಹಾಲಸಿದ್ದಪ್ಪ ನನ್ನ ಮಾತ ಬರಿಯಾಕತ್ತೇನಿ, ಭಾಗವ್ವ ನೀರ ಕುಡ್ಯಾಕ ಒಳಗ ಹೋಗ್ಯಾಳ. ಔಷಧ ಅಂತ ಹೇಳಿದ ಮಂದ್ಯಾಗ ನಾನ ಮೊದಲಿನವ. ಸೀರಿ ತಿರಗಿ ಬಂದ ದಿನಾ ಗೂಳಪ್ಪನ ಮಾರಿ ನೋಡಲಾರದ ಒಂದ ಬೀಡಿ ಹಚ್ಚಿ ಕೈಯಾಗ ಕೊಟ್ಟೆ. ಇಸಗೊಂಡ. ಒಂದ ದಮ್ಮ ಎಳದ. ತಕ್ಷಣ ಥೂ ಅಂತ ಉಗುಳಿ, "ಇದನ್ನ ಇಷ್ಟ ವರ್ಷ ಸೇದಿದ್ನೇನಲೇ? ಸುಟ್ಟ ಚಿಂದಿ ನಾರಿದಂಗ ನಾರತೈತಿ" ಅಂದು ಕಾಲಾಗ ಹಾಕಿ ತಿಕ್ಕಿದ. ನನ್ನ ಕಣ್ಣಾರೆ ಕಂಡದ್ದು ತಂಗಿ. ಅಂವ ಇಲ್ಲದ ನನಗೂ ಬೀಡಿ ರುಚಿ ಹತ್ತವಲ್ದು. ಭಾಗವ್ವ ಬಂದ್ಲು.

ಮಗಳ ಕುಬಸದ ಸೀರಿ ತವರಮನ್ಯಾಗ ತಿರಗಿ ಬಂದು ಇರಬಾರದು. ನನಗ ಅದನ್ನ ನೋಡಿದ್ರ ಜೀವ ಹಾರತೈತಿ. ಅದಕ ಮತ್ತ ಕಳಸೇನಿ. ಉಡು, ಇಲ್ಲಾ ಯಾರಿಗರ ಕೊಡು. ಇಲ್ಲಿಗೆ ಮಾತ್ರ ಕಳಸಬ್ಯಾಡ.

ಭಾಗವ್ವ
ಬರದಾತ ಹಾಲಸಿದ್ದಪ್ಪ


ಮುಧೋಳ
೧೩ ಡಿಸೆಂಬರ್ ೧೯೩೭

ಅಪ್ಪಾ,

ಹ್ಯಾಂಗ ಸುರು ಮಾಡ್ಲಿ ತಿಳೀವಲ್ದು. ಈ ಕಾಗದಾ ಹರೀಬ್ಯಾಡ, ಪೂರಾ ಓದು.

ಅವ್ವ ಬರಸಿದ್ದನ್ನ ನಮ್ಮನಿಯವ್ರಿಗೆ ಓದಿ ಹೇಳಿದೆ. ಕರ್ರಗ ಕಫಾ ಅಂದ ಕೂಡ್ಲೆ ಅವರು ಅಂಗಡಿ ಬಾಗಲಾ ಹಾಕಿ ಇಲ್ಲಿ ದವಾಖಾನಿ ಡಾಕ್ಟರ ಕಡೆ ಹೋದ್ರು. ಡಾಕ್ಟರ ಮೊದಲ ಕೇಳಿದ್ದು, ಕಫದಾಗ ರಕ್ತ ಐತೇನು, ಜ್ವರಾ ಬರತೈತೇನು, ಮೈ ಇಳದೈತೇನು ಅಂತ. ಇದ್ರ ಲಗೂನ ಕರಕೊಂಡ ಬರ್ರಿ ಅಂದ್ರು. ಇಲ್ಲದಿದ್ರ ಅಂಜಬ್ಯಾಡ್ರಿ, ಬೀಡಿ ಬಿಟ್ಟವರಿಗೆ ಮೊದಲ ಒಂದೆರಡ ತಿಂಗಳ ಭಾಳ ಮಂದಿಗೆ ಕೆಮ್ಮ ಹೆಚ್ಚಾಗತೈತಿ ಅಂದ್ರಂತ. ಹೊಗಿ ಇದ್ದಾಗ ಎದಿ ತನ್ನ ಕಸಾ ತಾ ಹೊಡಿಯೂದ ಬಿಟ್ಟಿರತೈತಿ. ಹೊಗಿ ನಿಂತ ಮ್ಯಾಲ ವರ್ಷಾನಗಟ್ಟಲೆ ಕುಂತ ಕಸಾ ಒಮ್ಮೆಲೆ ಹೊರಗ ಹಾಕಾಕ ಸುರು ಮಾಡತೈತಿ. ಆ ಕೆಮ್ಮಿಗೆ ಅಂಜಿ ಮತ್ತ ಬೀಡಿ ಹಚ್ಚಿದವರು ಭಾಳ ಮಂದಿ, ಅದ ತಪ್ಪು ಅಂದ್ರು. ಬಿಸಿ ನೀರ ಕುಡಿ, ತಡಕೋ, ತಾನ ಹಗರ ಆಗತೈತಿ ಅಂತ ಹೇಳಿ ಕಳಸ್ಯಾರ.

ಅದನ್ನ ಕೇಳಿ ನಾ ಸೀರಿ ಮತ್ತ ಬಿಚ್ಚಿದೆ. ಕಣ್ಣ ಮುಚ್ಚಿ ಸೆರಗಿನಿಂದ ಕೈಯಾಡಿಸಿದೆ. ಜಾಳ ಗೆರಿ, ಜಾಳ ಗೆರಿ, ಜಾಳ ಗೆರಿ. ಆದ್ರ ಅಪ್ಪಾ, ದಪ್ಪ ಗೆರಿ ಒಂದೂ ಇಲ್ಲ. ಮೊದಲ ಸಲ ಕೆಮ್ಮ ಹುಡುಕೂ ಸಿಟ್ಟಿನ್ಯಾಗ ಅದನ್ನ ನೋಡಲೇ ಇಲ್ಲ ನಾ. ಸೆರಗಿನಿಂದ ಸೆರಗಿಗೆ ಒಮ್ಮೆರ ನೀ ಬೀಡಿಗೆ ಎದ್ದಿಲ್ಲ. ಎಷ್ಟ ಕೆಮ್ಮ ಬಂದ್ರೂ ಕುಣಿ ಬಿಟ್ಟ ಎದ್ದಿಲ್ಲ. ಅಲ್ಲೇ ಕುಂತ ಅತ್ತೆ. ಅತ್ತಿ ಓಡಿ ಬಂದ್ರು, ಬ್ಯಾನಿ ಬಂತೋ ಏನೋ ಅಂತ.

ಹೊಸಾ ಸೀರಿ ನೇಯತೇನಿ ಅಂತ ಹೊಂಡಬ್ಯಾಡ. ನನಗ ಇದ ಬೇಕು. ಇದರಾಗ ಇರೂ ಕೆಮ್ಮ ಬೀಡಿ ಬಿಟ್ಟ ಕೆಮ್ಮು. ಇದನ್ನ ಉಟಗೊಂಡ ಕುಬಸಾ ಮಾಡಿಸಿಕೋತೇನಿ. ಮಾರ್ಗಶಿರ ಮುಗಿಯೂದ್ರೊಳಗ ಗಾಡಿ ತಗೊಂಡ ಬಾ. ಬರತೀಯೇನಪಾ? ಸಿಟ್ಟ ಇದ್ರ ಇಲ್ಲಿಗೆ ಬಂದ ಬೈ. ಬೈಸಿಕೋತೇನಿ.

ಅನಸವ್ವ


ಬನಹಟ್ಟಿ
೧೭ ಡಿಸೆಂಬರ್ ೧೯೩೭

ಅನಸವ್ವಾ,

ರಕ್ತ ಇಲ್ಲ, ಜ್ವರಾ ಇಲ್ಲ. ಮೈ ಇಳದಿಲ್ಲ, ಬೆಲ್ಲಾ ತಿಂದ ತಿಂದ ಹೊಟ್ಟಿ ಬಂದೈತಿ. ಡಾಕ್ಟರಿಗೆ ಹೇಳು.

ನಿನ್ನ ಮ್ಯಾಲ ಸಿಟ್ಟ ಐತಿ. ಭಾಳ ಐತಿ. ಇಷ್ಟ ಕಾಗದದಾಗ ಹಿಡಿಯೂದಿಲ್ಲ. ಬರೂ ಸೋಮವಾರ ಗಾಡಿ ತರತೇನಿ, ದಾರಿ ತುಂಬ ಬೈಕೋತ ಕರಕೊಂಡ ಬರತೇನಿ.

ಗಾಡ್ಯಾಗ ಮೆತ್ತಗ ಇರಲಿ ಅಂತ ಕೌದಿ ಹಾಸಾಕತ್ತೇನಿ.

ನಿಮ್ಮಪ್ಪ


ಬನಹಟ್ಟಿ
೨೪ ಫೆಬ್ರವರಿ ೧೯೩೮

ಅಳಿಯಾ ಕರೆಪ್ಪನವರಿಗೆ ಗೂಳಪ್ಪನ ಶರಣು.

ನೀವು ಕೂಸಿನ್ನ ನೋಡಿ ಹೋಗಿ ವಾರಾತು. ತಾಯಿ ಮಗಳು ಇಬ್ಬರೂ ಛಲೋ ಅದಾರ್ರಿ. ಕೂಸಿನ ಮೂಗ ನನ್ನಂಗ ಐತಿ ಅಂತ ನಾ ಅಂದ್ರ, ಬ್ಯಾಡಪ್ಪೋ ಅಂತಾಳ ನಿಮ್ಮ ಹೆಂಡತಿ. ಅಪ್ಪಗ ಬೈಯೂದು ಇನ್ನೂ ಬಿಟ್ಟಿಲ್ಲ.

ನನ್ನ ಕೆಮ್ಮಿನ ಬಗ್ಗೆ ಕೇಳಿದ್ರಿ. ಸಂಕ್ರಾಂತಿ ಆದ ಮ್ಯಾಲ ಹಗರ ಆಗಾಕತ್ತಿತು, ಈಗ ಹುಡುಕಿದ್ರೂ ಇಲ್ಲ. ನಿಮ್ಮ ಡಾಕ್ಟರಿಗೆ ಹೇಳ್ರಿ. ಹೋದ ಸೋಮವಾರ ಭಜನ್ಯಾಗ ಎತ್ತರದ ಸೊಲ್ಲ ಹಿಡದೆ, ಮುರೀಲಿಲ್ಲ. ಹಾಲಸಿದ್ದಪ್ಪ ತಾಳ ಬಾರಸೂದ ಬಿಟ್ಟು ನನ್ನ ಬಾಯಿ ನೋಡಕೋತ ಕುಂತ. ಮರುದಿನಾ ಅಂವನೂ ತನ್ನ ಬೀಡಿ ಕಟ್ಟು ತಂದ ನನ್ನ ಮುಂದ ಇಟ್ಟಾನ. ಇನ್ನ ಅವನ ಒದ್ದಾಟ ನಾ ನೋಡಬೇಕು.

ಬರಿಯಾಕ ಕುಂತ ಮಾತ ಬ್ಯಾರೇನ ಐತಿ. ಇವತ್ತ ಮಧ್ಯಾಹ್ನ ಅನಸವ್ವ ಎದ್ದ ಮಗ್ಗದ ಕಡೆ ಬಂದ್ಲು. ಬಾಣಂತಿ ತಿರಗ್ಯಾಡಬಾರದು ಅಂತ ಭಾಗವ್ವ ಒದರಿದ್ಲು, ಕೇಳೂ ಪೈಕಿ ಅಲ್ಲ ಆಕಿ. ನಾ ನೇಯಾಕತ್ತ ಸೀರಿ ಮ್ಯಾಲ ಕಣ್ಣ ಮುಚ್ಚಿ ಕೈಯಾಡಿಸಿದ್ಲು. ಜಾಳ ಗೆರಿ ಒಂದೂ ಸಿಗಲಿಲ್ಲ. ಮಾರಿ ಅರಳಿತು. ಕೈ ಇನ್ನೊಂದಿಷ್ಟ ಮುಂದ ಹೋತು. ಅಲ್ಲಿ ನಿಂತ್ಲು. ದಪ್ಪ ಗೆರಿ. ಮುಂದ ಮತ್ತೊಂದು. ಮೊಳಕ್ಕೊಂದರಂತ, ಮೊದಲ ಬೀಡಿಗೆ ಎದ್ದ ಹೋಗತಿದ್ದೆನಲ್ಲ, ಹಂಗ.

ಆಕಿ ಕಣ್ಣ ತೆರದು ನನ್ನ ನೋಡಿದ್ಲು. "ಅಪ್ಪಾ, ಮತ್ತ..." ಅಂದ್ಲು. ನಾ ಏನ ಹೇಳಬೇಕಂತ ಬಾಯಿ ತೆರದಿದ್ದೆ, ಅಷ್ಟರಾಗ ತೊಟ್ಟ್ಲದಾಗ ಕೂಸು ಕುಂಯ್ ಅಂತು. ನನಗ ಅನಸವ್ವನೂ ಮರತ ಹೋದ್ಲು, ಸೀರೀನೂ ಮರತ ಹೋತು. ಲಾಳಿ ಅಲ್ಲೇ ಒಗದು ಕುಣಿಯಿಂದ ಜಿಗದ ಓಡಿ ತೊಟ್ಟಲಾ ತೂಗಿದೆ. ಸುಮ್ಮನಾದ ಮ್ಯಾಲ ತಿರಗಿ ಬಂದು ಕುಣಿಯಾಗ ಇಳದು ಹಣಿಗಿ ಬಡದೆ. ಪೆಟ್ಟ ಜೋರ ಬಿತ್ತು. ದಪ್ಪ ಗೆರಿ.

ಅನಸವ್ವ ಆ ಗೆರಿ ಮ್ಯಾಲ ಕೈ ಇಟ್ಟಕೊಂಡ ನಿಂತಿದ್ಲು. ನಗಾಕತ್ತಿದ್ಲು, ಕಣ್ಣಾಗ ನೀರ ಬೀಳಾಕತ್ತಿತ್ತು. ನನಗೂ ಬಂತ್ರಿ. ಸುಳ್ಳ ಯಾಕ ಹೇಳ್ಲಿ.

ಈ ಸೀರಿ ಬರೂ ವಾರ ನಿಮ್ಮ ಅಂಗಡಿಗೆ ಬರತೈತಿ. ಗೆರಿ ಯಾಕ ಬಿದ್ದಾವಂತ ಗಿರಾಕಿ ಕೇಳಿದ್ರ, ನೇಕಾರ ಮೊಮ್ಮಗಳನ್ನ ನೋಡಾಕ ಎದ್ದ ಹೋಗತಿದ್ದ ಅಂತ ಹೇಳ್ರಿ. ಬ್ಯಾಡಂದ್ರ ತಿರಗಿ ಕಳಸ್ರಿ, ಅನಸವ್ವ ಇಟ್ಟಕೋತಾಳಂತ.

ಕೂಸು ಮತ್ತ ಎದ್ದೈತಿ. ಹೊಂಟೆ.

ಗೂಳಪ್ಪ